ತಿದ್ದುವ ಪಾಠ

ಸ್ಲೇಟು ಹಿಡಿದು ಶಾಲೆಗೆ ಹೋದವರಿಗೆ ಬಳಪದ ನೆನಪು ಮಾಸುವುದಿಲ್ಲ. ಮುರಿದರೆ ಅಳು, ಕಳೆದರೆ ಬೈಗುಳ, ಯಾರೂ ನೋಡದಾಗ ಕಡಿದರೆ ನಾಲಿಗೆಗೆ ತಣ್ಣನೆಯ ಮಣ್ಣಿನ ರುಚಿ. ಬೇಲೂರು, ಹಳೇಬೀಡಿನ ಗುಡಿಗಳ ಕಲ್ಲಿಗೂ ನಮ್ಮ ಜನ ಬಳಪದ ಕಲ್ಲು ಎಂದೇ ಹೆಸರಿಟ್ಟಿದ್ದಾರೆ. 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರ ಬಳೆ, ಉಂಗುರ, ಕೂದಲ ಸುರುಳಿಯವರೆಗೆ ಎಲ್ಲವೂ ಮೂಡಿರುವುದು ಆ ಕಲ್ಲು ಉಳಿಯ ಮಾತು ಕೇಳುವಷ್ಟು ಮೆತ್ತಗಿರುವುದರಿಂದ.

ಅಕ್ಷರ ಕಲಿಯುವುದಕ್ಕೆ ಕನ್ನಡದಲ್ಲಿ ‘ತಿದ್ದುವುದು’ ಎನ್ನುತ್ತೇವೆ. ಮೇಷ್ಟ್ರು ಬರೆದುಕೊಟ್ಟ ‘ಅ’ಕಾರದ ಮೇಲೆ ಮತ್ತೆ ಮತ್ತೆ ಬಳಪ ಓಡಿಸಿ, ಸ್ಲೇಟಿನ ಮೇಲೆ ಅದು ಗುಂಡಗೆ ದಪ್ಪಗಾಗುವವರೆಗೆ ತಿದ್ದುವುದು. ತಪ್ಪನ್ನು ಸರಿಮಾಡುವುದಕ್ಕೂ ನಾವು ಬಳಸುವುದು ಅದೇ ಮಾತನ್ನೇ. ಈ ವಾರ ಪರಿಚಯಿಸಲು ಹೊರಟಿರುವ ಸಂಗತಿ ಕಂಪ್ಯೂಟರಿಗೆ ಸೇರಿದ್ದಾದರೂ ಅದರ ಜೀವ ಇರುವುದು ಈ ಹಳೆಯ ಮಾತಿನಲ್ಲಿ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ, ಅಂದರೆ ಕೆಒಇಆರ್, ಶಿಕ್ಷಕರೇ ಬರೆದು ಶಿಕ್ಷಕರೇ ತಿದ್ದುವ ಪಾಠಗಳ ಭಂಡಾರ.

ಇದು ಶುರುವಾದದ್ದು 2013ರಲ್ಲಿ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಮೂರೂ ಕೈಜೋಡಿಸಿದ್ದವು. ಅದಕ್ಕೂ ಎರಡು ವರ್ಷ ಮೊದಲೇ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ನಡೆದಿತ್ತು. ಮೌಸ್ ಹಿಡಿಯುವುದನ್ನು ಕಲಿಸುವಲ್ಲಿಗೆ ಆ ತರಬೇತಿ ನಿಲ್ಲಲಿಲ್ಲ. ರೇಖಾಗಣಿತದ ಚಿತ್ರ ಬಿಡಿಸುವ ಜಿಯೋಜೀಬ್ರಾ, ಆಕಾಶ ತೋರಿಸುವ ಸ್ಟೆಲೇರಿಯಂ, ಪರಿಕಲ್ಪನಾ ನಕ್ಷೆ ಬರೆಯುವ ಫ್ರೀಮೈಂಡ್‌ನಂಥ ಮುಕ್ತ ತಂತ್ರಾಂಶಗಳನ್ನು ಶಿಕ್ಷಕರ ಕೈಗೆ ಕೊಟ್ಟು ‘ನಿಮ್ಮ ಪಾಠ ನೀವೇ ಮಾಡಿ’ ಎಂದಿತು. ಹಾಗೆ ಮಾಡಿದ ಪಾಠಗಳಿಗೆ ಒಂದು ಮನೆ ಬೇಕಾಯಿತು. ವಿಕಿಪೀಡಿಯ ಯಾವ ತಂತ್ರಾಂಶದ ಮೇಲೆ ನಿಂತಿದೆಯೋ ಅದೇ ಮೀಡಿಯಾವಿಕಿಯ ಮೇಲೆ ಆ ಮನೆ ಎದ್ದಿತು. ಕನ್ನಡಕ್ಕೊಂದು, ಇಂಗ್ಲಿಷಿಗೊಂದು.

ಕನ್ನಡದಲ್ಲಿ ವಿಜ್ಞಾನ ಹೇಳುವ ಹಂಬಲ ನಮಗೆ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದ್ದು 1918ರಲ್ಲಿ. ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ ಕೊಟ್ಟರು. 1978ರಿಂದ ಬರುತ್ತಿರುವ ‘ಬಾಲ ವಿಜ್ಞಾನ’ ಎಷ್ಟೋ ಹಳ್ಳಿ ಶಾಲೆಗಳ ಬೀರುವಿನಲ್ಲಿ ಕೂತಿದೆ. ಆಮೇಲೆ ಆಕಾಶವಾಣಿಯ ‘ಕೇಳಿ ಕಲಿ’ ಬಂತು, ಉಪಗ್ರಹದ ಪಾಠ ಬಂತು, 2017ರ ಶಿಕ್ಷಕರ ದಿನ ದೀಕ್ಷಾ ಬಂತು. ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ವಿಡಿಯೊ ತೆರೆದುಕೊಳ್ಳುವುದು ಅದರಿಂದ. ಕೊರೊನಾ ಕಾಲದಲ್ಲಿ ಚಂದನ ವಾಹಿನಿಯ ‘ಸಂವೇದ’ ಪಾಠಗಳನ್ನು ಎಷ್ಟು ಮಕ್ಕಳು ನೆಚ್ಚಿಕೊಂಡಿದ್ದರೆಂದು ಹೆತ್ತವರಿಗೆ ಗೊತ್ತು.

ಇವೆಲ್ಲ ಬೇಕು. ಆದರೆ ಇವೆಲ್ಲ ಮೇಲಿನಿಂದ ಕೆಳಕ್ಕೆ ಹರಿಯುವ ನೀರು. ಟಿ.ವಿ.ಯಲ್ಲಿ ಬರುವ ಪಾಠಕ್ಕೆ ಅರಸೀಕೆರೆಯ ಟೀಚರ್ ‘ಇಲ್ಲ, ನಮ್ಮೂರಲ್ಲಿ ಹೀಗಲ್ಲ’ ಎಂದು ಒಂದು ಸಾಲು ಸೇರಿಸಲಾರರು. ವಿಕಿಯಲ್ಲಿ ಸೇರಿಸಬಹುದು. ಪುಟದ ಮೇಲೆ ‘ಸಂಪಾದಿಸಿ’ ಎಂಬ ಗುಂಡಿ ಇದೆ, ಪಕ್ಕದಲ್ಲೇ ‘ಇತಿಹಾಸ’ ಇದೆ. ಯಾರು ಯಾವತ್ತು ಏನು ತಿದ್ದಿದರೆಂಬುದು ಅಲ್ಲಿ ಉಳಿದಿರುತ್ತದೆ, ತಪ್ಪು ಸೇರಿಕೊಂಡರೆ ಹಳೆಯದಕ್ಕೆ ಮರಳಬಹುದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಇನ್ನೊಬ್ಬರು ಮಾಡಿದ ಪಾಠವನ್ನು ತೆಗೆದುಕೊಂಡು ನಮ್ಮ ತರಗತಿಗೆ ಒಗ್ಗಿಸಿಕೊಳ್ಳಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ, ಮೂಲದವರ ಹೆಸರು ಹೇಳಿ, ಪರವಾನಗಿಯ ಷರತ್ತು ಪಾಲಿಸಿದರಾಯಿತು. ಬೆಲೆ ಇಲ್ಲದ್ದಕ್ಕೆ ಮುಕ್ತ ಎನ್ನುವ ರೂಢಿ ನಮ್ಮಲ್ಲಿದೆ. ಇಲ್ಲಿಯ ‘ಮುಕ್ತ’ದ ಅರ್ಥ ಅದಕ್ಕಿಂತ ದೊಡ್ಡದು.

ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು, ಅರಸೀಕೆರೆ ಎಂಬ ಮೂರು ಊರುಗಳನ್ನೇ ಇಟ್ಟುಕೊಂಡು ನೋಡೋಣ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಬೆಳಕಿನ ಪ್ರತಿಫಲನದ ಪಾಠವಿದೆ. ಪೀನ ದರ್ಪಣಕ್ಕೆ ಪುಸ್ತಕ ಕೊಡುವ ಉದಾಹರಣೆ ವಾಹನದ ಹಿನ್ನೋಟದ ಕನ್ನಡಿ. ಹಳೇಬೀಡಿನ ಮಗುವಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಹೊಯ್ಸಳೇಶ್ವರ ಗುಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. 1133ರಲ್ಲಿ ಹೊಯ್ಸಳ ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಎದುರು ನಿಂತರೆ ನಮ್ಮ ಬಿಂಬ ಕಾಣುತ್ತದೆ, ಆದರೆ ಸಣಕಲಾಗಿ. ಕಂಬ ಅಡ್ಡಡ್ಡಕ್ಕೆ ಬಾಗಿದೆ, ಉದ್ದಕ್ಕೆ ನೇರವಿದೆ. ಆದ್ದರಿಂದ ಅಗಲ ಮಾತ್ರ ಕುಗ್ಗುತ್ತದೆ, ಎತ್ತರ ಹೆಚ್ಚು ಕೆಡುವುದಿಲ್ಲ. ಕಂಬದ ನಡುವೆ ಗಂಟೆಯಂತೆ, ಬಿಲ್ಲೆಯಂತೆ ಕಡೆದ ಭಾಗಕ್ಕೆ ಬಂದರೆ ಬಾಗು ಮೇಲಕ್ಕೂ ಕೆಳಕ್ಕೂ ಇರುವುದರಿಂದ ಮುಖವೇ ಚಪ್ಪಟೆಯಾಗುತ್ತದೆ. ಇದನ್ನು ನೋಡಿ ಬಂದ ಮಕ್ಕಳಿಗೆ ಫೆಟ್ ಸಿಮ್ಯುಲೇಷನ್ ತೆರೆದು ಕೊಡಬೇಕು. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದು ಅದು, ಈಗ ಕನ್ನಡದಲ್ಲೂ ಸಿಗುತ್ತದೆ. ಪರದೆಯ ಮೇಲೆ ಕನ್ನಡಿಯ ಬಾಗನ್ನು ಹೆಚ್ಚಿಸಿ ಕುಗ್ಗಿಸಿ ಕಿರಣಗಳು ಎಲ್ಲಿ ಸೇರುತ್ತವೆಂದು ನೋಡಬಹುದು. ಕಂಬ ತೋರಿಸಿದ್ದು ಏನು, ಸಿಮ್ಯುಲೇಷನ್ ತೋರಿಸುತ್ತಿರುವುದು ಯಾಕೆ ಎಂದು ಎರಡನ್ನೂ ಜೋಡಿಸುವ ಮಾತು ಮೇಷ್ಟ್ರದ್ದು. ಕೊಲರಾಡೊದವರಿಗೆ ಆ ಕಂಬ ಗೊತ್ತಿಲ್ಲ, ಪಠ್ಯಪುಸ್ತಕ ಬರೆದವರು ಇಡೀ ದೇಶಕ್ಕೆ ಬರೆಯಬೇಕು. ಕಂಬವನ್ನು ಪಾಠಕ್ಕೆ ತರಬಲ್ಲವರು ಹಳೇಬೀಡಿನ ಶಿಕ್ಷಕರೇ.

ಬಳಪದ ಕಲ್ಲೂ ಹಾಗೇ. ಖನಿಜಗಳ ಗಡಸುತನ ಅಳೆಯಲು ಮೋಸ್ ಎಂಬಾತ 1812ರಲ್ಲಿ ಮಾಡಿದ ಅಳತೆಗೋಲಿನಲ್ಲಿ ಅತಿ ಮೆತ್ತಗಿನ ಟಾಲ್ಕ್ ಎಂಬ ಖನಿಜಕ್ಕೆ 1, ಅತಿ ಗಟ್ಟಿಯಾದ ವಜ್ರಕ್ಕೆ 10. ನಮ್ಮ ಉಗುರು ಸುಮಾರು ಎರಡೂವರೆ. ಬಳಪದ ಮೇಲೆ ಉಗುರೆಳೆದರೆ ಗೆರೆ ಬೀಳುತ್ತದೆ, ಮನೆ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಬೀಳದು. ಇಷ್ಟೇ ಪ್ರಯೋಗ. ಇದನ್ನು ಫೋನಿನಲ್ಲಿ ಚಿತ್ರೀಕರಿಸಿ ವಿಕಿಯ ಪುಟಕ್ಕೆ ಏರಿಸುವಾಗ ‘ಶಿಕ್ಷಕರಿಗೆ ಟಿಪ್ಪಣಿ’ ಎಂಬಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕು: ಪ್ರಯೋಗ ಬಳಪದ ಮೇಲೆ ಮಾತ್ರ, ಗುಡಿಯ ಗೋಡೆಯ ಮೇಲಲ್ಲ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಗುಡಿಗಳವು, ಅದಕ್ಕಿಂತ ಹೆಚ್ಚಾಗಿ ಮಕ್ಕಳ ಅಜ್ಜಿಯರು ಕೈಮುಗಿಯುವ ಗುಡಿಗಳು. ಕಲ್ಲಿನ ಪಾಠ ಮುಂದುವರಿಯಬೇಕೆಂದರೆ ಇದೇ ಜಿಲ್ಲೆಯ ಗೊರೂರಿಗೆ ಹೋಗಬಹುದು. ಅಲ್ಲಿಯ ನೈಸ್ ಶಿಲೆಯ ವಯಸ್ಸು ಸುಮಾರು 330 ಕೋಟಿ ವರ್ಷ.

ಅರಸೀಕೆರೆಗೆ ಬಂದರೆ ನೆಲದ ಬಣ್ಣವೇ ಬೇರೆ. ಮಲೆನಾಡು ಹಿಂದೆ ಸರಿದು ತೆಂಗಿನ ಸಾಲು ಮುಂದೆ ಬರುತ್ತದೆ. 1220ರ ಈಶ್ವರ ದೇವಾಲಯದ ಮುಂದಿನ ಮಂಟಪ ಹದಿನಾರು ಮೂಲೆಯ ನಕ್ಷತ್ರ. ಒಂದೇ ಕೇಂದ್ರದ ಮೇಲೆ ನಾಲ್ಕು ಚೌಕಗಳನ್ನಿಟ್ಟು, ಒಂದೊಂದನ್ನು ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸುತ್ತಾ ಹೋದರೆ ಹದಿನಾರು ಮೂಲೆ ಸಿಗುತ್ತವೆ. ಜಿಯೋಜೀಬ್ರಾದಲ್ಲಿ ಇದು ಹತ್ತು ನಿಮಿಷದ ಕೆಲಸ, ಅಂಗಳದಲ್ಲಿ ಹಗ್ಗ ಮತ್ತು ಗೂಟದಿಂದ ಒಂದು ಮಧ್ಯಾಹ್ನದ ಕೆಲಸ. ಎರಡನ್ನೂ ಮಾಡಿದ ಮಕ್ಕಳು ಆ ಮಂಟಪದ ಕೆಳಗೆ ನಿಂತು ಮೇಲೆ ನೋಡುವ ರೀತಿಯೇ ಬೇರೆ.

ತೆಂಗಿನ ಮಾತಿಗೆ ಬರೋಣ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಆಮೇಲೆ ನಮ್ಮ ತೋಟಗಳಿಗೂ ನುಗ್ಗಿತು. ಕಾಯಿಯ ತೊಟ್ಟಿನ ಟೊಪ್ಪಿಗೆಯಡಿ ಅಡಗಿ ಎಳೆಯ ಸಿಪ್ಪೆಯ ರಸ ಹೀರುತ್ತದೆ, ಕಾಯಿ ಬಲಿತಂತೆ ಅಲ್ಲಿ ಕಂದು ಬಿರುಕು ಮೂಡುತ್ತದೆ, ಗಾತ್ರ ಕುಗ್ಗುತ್ತದೆ. ನುಸಿ ಬಿದ್ದ ಕಾಯಿಯನ್ನು ನೋಡದ ಮಗು ಅರಸೀಕೆರೆ ಸೀಮೆಯಲ್ಲಿಲ್ಲ, ನುಸಿಯನ್ನು ನೋಡಿದ ಮಗು ಸಿಗುವುದು ಕಷ್ಟ, ಯಾಕೆಂದರೆ ಅದು ಬರಿಗಣ್ಣಿಗೆ ಕಾಣದು. ವಿಜ್ಞಾನಿ ಮನು ಪ್ರಕಾಶ್ ರೂಪಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕ 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಅದಕ್ಕೆ ಫೋನಿನ ಕ್ಯಾಮೆರಾ ಅಂಟಿಸಬಹುದು. ನುಸಿ ಕೀಟವಲ್ಲ, ಜೇಡದ ಬಳಗದ್ದು. ಆದರೆ ಜೇಡಕ್ಕೆ ಎಂಟು ಕಾಲಿದ್ದರೆ ಇದಕ್ಕೆ ನಾಲ್ಕೇ. ಮಗುವೇ ಎಣಿಸಿ ಕಂಡುಕೊಂಡರೆ ಸಂಧಿಪದಿಗಳ ಪಾಠ ಮುಗಿದಂತೆ, ಅಪ್ಪನ ತೋಟದ ನಷ್ಟಕ್ಕೊಂದು ಮುಖವೂ ಸಿಕ್ಕಂತೆ.

ಪರಿಸರ ಶಿಕ್ಷಣ ಎಲ್ಲ ಹಂತದಲ್ಲೂ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತು. ಪುಸ್ತಕಕ್ಕೆ ಅಧ್ಯಾಯ ಬಂತು, ಜೂನ್ 5ಕ್ಕೆ ಸಸಿ ನೆಡುವುದು ಬಂತು. ನನಗೆ ಬೇಸರವಾಗುವುದು, ಆ ಅಧ್ಯಾಯಗಳ ಪರಿಸರ ಯಾವಾಗಲೂ ಬೇರೆಲ್ಲೋ ಇರುವಂತೆ ಕಾಣುವುದಕ್ಕೆ. ಬೇಲೂರು ತಾಲ್ಲೂಕಿನ ಬಿಕ್ಕೋಡು ಕಡೆ ಕಾಫಿ ತೋಟಗಳಲ್ಲಿ ಆನೆ ಓಡಾಡುತ್ತವೆ, ಮಕ್ಕಳು ಶಾಲೆಗೆ ಹೊರಡುವ ಮೊದಲು ಹಿರಿಯರು ಫೋನಿನಲ್ಲಿ ಆನೆ ಎಲ್ಲಿದೆಯೆಂದು ನೋಡುತ್ತಾರೆ. ಅರಸೀಕೆರೆ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲವೆಂದರೆ ಒಂದೂವರೆಯವರೆಗೆ. ಅದಕ್ಕೂ ಮೀರಿದ್ದನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ, ಇನ್ನೂ ಹೆಚ್ಚಾದರೆ ಮೂಳೆಗೆ ಪೆಟ್ಟು. ಊರಿನ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಬರುವ ಮಗುವಿಗೆ ರಸಾಯನ ವಿಜ್ಞಾನದ ಪಾಠ ಆ ಕ್ಯಾನಿನಿಂದಲೇ ಶುರುವಾಗಬೇಕಲ್ಲವೇ?

ಕೆಒಇಆರ್‌ನ ಪುಟಗಳ ಅಚ್ಚಿನಲ್ಲೇ ಇದಕ್ಕೆ ಜಾಗ ಇಟ್ಟಿದ್ದಾರೆ. ಮೇಲೆ ಪರಿಕಲ್ಪನಾ ನಕ್ಷೆ, ಕೆಳಗೆ ಕಲಿಕೆಯ ಉದ್ದೇಶ, ಚಟುವಟಿಕೆ, ಯೋಜನೆ, ಕೊನೆಯಲ್ಲಿ ‘ಸಮುದಾಯ ಆಧಾರಿತ ಯೋಜನೆಗಳು’. ‘ಪಠ್ಯಪುಸ್ತಕದ ಹಿಮ್ಮಾಹಿತಿ’ ಎಂಬ ತಲೆಬರಹವೂ ಉಂಟು. ಪುಸ್ತಕದಲ್ಲಿ ಏನು ಸರಿಯಿಲ್ಲವೆಂದು ಶಿಕ್ಷಕರು ಹೇಳಬಹುದೆಂಬ ಆ ನಂಬಿಕೆ ನನಗೆ ಬಹಳ ಇಷ್ಟ. ಆದರೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಎಷ್ಟೋ ಪುಟಗಳಲ್ಲಿ ತಲೆಬರಹ ಮಾತ್ರ ಇದೆ, ಕೆಳಗೆ ಖಾಲಿ. ಸಮುದಾಯದ ಜಾಗವಂತೂ ಇನ್ನೂ ಖಾಲಿ.

ಕಾರಣಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಎಲ್ಲವೂ ಶಿಕ್ಷಕರ ಹೆಗಲ ಮೇಲೆ. ಕರೆಂಟು ಇದ್ದಾಗ ನೆಟ್ ಇಲ್ಲ, ನೆಟ್ ಇದ್ದಾಗ ಕಂಪ್ಯೂಟರ್ ಕೋಣೆಯ ಬೀಗದ ಕೈ ಇಲ್ಲ. ಇನ್ನೊಂದು ತೊಡಕು ಹೊರಗಿನವರಿಗೆ ತಿಳಿಯದ್ದು. ಬಹಳ ಮಂದಿ ಮೇಷ್ಟ್ರುಗಳ ಹಳೆಯ ಟಿಪ್ಪಣಿ, ಪ್ರಶ್ನೆಪತ್ರಿಕೆಗಳೆಲ್ಲ ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿವೆ. ಅದನ್ನು ಹಾಗೇ ವಿಕಿಗೆ ಅಂಟಿಸಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಂತೆ. ಪರಿವರ್ತಕದಲ್ಲಿ ಹಾಕಿ, ಕೆಟ್ಟ ಒತ್ತಕ್ಷರಗಳನ್ನು ಒಂದೊಂದಾಗಿ ಸರಿಪಡಿಸಬೇಕು. ಇಪ್ಪತ್ತು ವರ್ಷದ ಅನುಭವ ಹೀಗೆ ಪೆನ್‌ಡ್ರೈವಿನಲ್ಲೇ ಉಳಿದುಬಿಡುತ್ತದೆ. ಬೇಲೂರಿನ ಮಗ್ಗುಲ ಮೂಡಿಗೆರೆಯಲ್ಲಿ ಕೂತು ಹಕ್ಕಿಗಳ ಬೆನ್ನುಹತ್ತಿದ್ದ ಪೂರ್ಣಚಂದ್ರ ತೇಜಸ್ವಿ ಕನ್ನಡದ ತಂತ್ರಾಂಶಕ್ಕಾಗಿ ಅಷ್ಟೊಂದು ತಲೆಕೆಡಿಸಿಕೊಂಡದ್ದು ಯಾಕೆಂದು ಆಗ ತಿಳಿಯುತ್ತದೆ.

ಆ ಖಾಲಿ ಜಾಗಕ್ಕೆ ಮೂರೂ ಊರು ಸೇರಿ ತುಂಬಬಹುದಾದ ಒಂದು ಪುಟ ನನ್ನ ತಲೆಯಲ್ಲಿದೆ. ಮಳೆ. ಬೇಲೂರಿನ ಯಗಚಿ ಹೇಮಾವತಿಗೆ ಸೇರಿ ಕಾವೇರಿಯಾಗುತ್ತದೆ, ಅರಸೀಕೆರೆ ಕಡೆ ಬಿದ್ದ ನೀರಿನ ಒಂದು ಪಾಲು ವೇದಾವತಿಯ ದಾರಿ ಹಿಡಿದು ಕೃಷ್ಣೆಯ ಕಡೆ ಹೋಗುತ್ತದೆ. ಬೇಲೂರಿಂದ ಹಳೇಬೀಡಿಗೆ 16 ಕಿಲೋಮೀಟರು, ಅಲ್ಲಿಂದ ಜಾವಗಲ್ ದಾಟಿ ಅರಸೀಕೆರೆ ಸೇರುವಷ್ಟರಲ್ಲಿ ಮಳೆಗಾಲವೇ ತೆಳ್ಳಗಾಗಿರುತ್ತದೆ. ಹಳೇಬೀಡಿಗೆ ದೋರಸಮುದ್ರವೆಂದು ಹೆಸರು ಬಂದದ್ದು ಕೆರೆಯಿಂದ, ಅರಸೀಕೆರೆಯ ಹೆಸರಲ್ಲೇ ಕೆರೆಯಿದೆ.

ಬೇಕಾದ ಸಾಮಾನು ಇಷ್ಟು: ನೇರ ಗೋಡೆಯ ಒಂದು ಪ್ಲಾಸ್ಟಿಕ್ ಬಾಟಲಿ, ಕತ್ತರಿ, ಅಳತೆಪಟ್ಟಿ, ಒಂದು ಹಿಡಿ ಬೆಣಚು. ಬಾಟಲಿಯ ಕತ್ತು ಕತ್ತರಿಸಿ ಆಲಿಕೆಯಂತೆ ಬೋರಲು ಹಾಕಬೇಕು. ತಳದ ಉಬ್ಬುತಗ್ಗು ಮುಚ್ಚುವಷ್ಟು ಕಲ್ಲು ಮತ್ತು ನೀರು ತುಂಬಿ, ಅಲ್ಲಿಗೆ ಸೊನ್ನೆ ಎಂದು ಗುರುತು ಹಾಕಬೇಕು. ಮರದ ನೆರಳಿಲ್ಲದ ಕಡೆ ಇಟ್ಟು, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಬೆಳಿಗ್ಗೆ ಎಂಟೂವರೆಗೆ ಓದಬೇಕು. ಒಂದು ಮಿಲಿಮೀಟರು ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರು. 100 ಚದರ ಮೀಟರಿನ ಶಾಲೆಯ ಚಾವಣಿಯ ಮೇಲೆ 10 ಮಿಲಿಮೀಟರು ಬಿದ್ದರೆ ಒಂದು ಸಾವಿರ ಲೀಟರು. ಅದು ಎಲ್ಲಿ ಹೋಯಿತೆಂದು ಮಕ್ಕಳೇ ಕೇಳುತ್ತಾರೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ, ತಮ್ಮ ಬಾಟಲಿಯ ಲೆಕ್ಕವನ್ನು ಅದರ ಪಕ್ಕ ಇಟ್ಟು ನೋಡಬಹುದು. ತಾಳೆಯಾಗದಿದ್ದರೆ ಯಾಕೆ ಎಂಬುದು ಮರುದಿನದ ಪಾಠ.

ವಿಕಿಯ ಪುಟದಲ್ಲಿ ಒಂದು ಪಟ್ಟಿ ಎಳೆದರೆ ಸಾಕು: ಬೇಲೂರು, ಹಳೇಬೀಡು, ಅರಸೀಕೆರೆ ಎಂದು ಮೂರು ಕಂಬಸಾಲು, ಎಡಕ್ಕೆ ತಾರೀಕು. ಶಾಲೆ ಶುರುವಾಗಿ ಜೂನ್ ತಿಂಗಳ ಮೊದಲ ಸೋಮವಾರ ಬಂದಾಗ, ಎಂಟೂವರೆಗೆ ಮೂರು ಊರಿನ ಮೂರು ಮಕ್ಕಳು ಬಾಟಲಿಯ ಮುಂದೆ ಮೊಣಕಾಲೂರಿ ಕೂತು, ನೀರಿನ ಮಟ್ಟಕ್ಕೆ ಕಣ್ಣು ನೇರ ಇಟ್ಟು, ಮೊದಲ ಅಂಕಿ ಬರೆಯುತ್ತಾರೆ. ತಪ್ಪಾಗಿ ಬರೆದರೆ ಮಂಗಳವಾರ ತಿದ್ದಬಹುದು.