ಹಳೇ ಹೆಸರು ಕೀಳುವ ಕೈ

ಗಾಡಿಗೆ ಸ್ಟಿಕ್ಕರ್ ಹಾಕಿಸಲು ಬೆಂಗಳೂರಿನಲ್ಲಿ ಅಂಗಡಿಗಳಿಗೇನೂ ಬರವಿಲ್ಲ. ಜೆ.ಸಿ. ರಸ್ತೆಗೆ ಹೋದರೆ ನಿಂತ ನಿಲುವಿನಲ್ಲೇ ಅಳತೆ ತೆಗೆದು ಅಂಟಿಸಿ ಕಳಿಸುತ್ತಾರೆ. ಹಾಕಿದ್ದನ್ನು ಬಣ್ಣಕ್ಕೆ ಗಾಯವಾಗದಂತೆ ಕಿತ್ತುಕೊಡುವವರು ಮಾತ್ರ ಅಪರೂಪ. ಕೆಂಗೇರಿ ಉಪನಗರದ ಹತ್ತಿರ, ಮೈಸೂರು ರಸ್ತೆಯ ಮಗ್ಗುಲಿನ ಒಂದು ರೇಡಿಯಂ ಕಟಿಂಗ್ ಅಂಗಡಿಯಲ್ಲಿ ಆ ಕೆಲಸಕ್ಕೆಂದೇ ಒಬ್ಬ ಹಿರಿಯರಿದ್ದಾರೆ. ಅಂಗಡಿಯ ಬೋರ್ಡಿನಲ್ಲಿ ನಂಬರ್ ಪ್ಲೇಟ್, ರೇಡಿಯಂ, ಸೀಟ್ ಕವರ್ ಎಲ್ಲ ಇವೆ. ಅವರ ಕೆಲಸದ ಸುದ್ದಿ ಇಲ್ಲ. ಸುತ್ತಲಿನ ಆಟೋದವರು ಅವರನ್ನು ಕರೆಯುವುದು ‘ಆರ್ಟಿಸ್ಟ್’ ಎಂದೇ.

ಕರಾವಳಿಯವರು. ಕೈ ಪಳಗಿದ್ದು ಮಲ್ಪೆಯ ಬೋಟುಗಳ ಮೇಲೆ. ಮಳೆಗಾಲದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಈಗಿನ ಲೆಕ್ಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ದುರಸ್ತಿ, ಬಣ್ಣ ಎಲ್ಲಕ್ಕೂ ಅದೇ ಬಿಡುವು. ಮಾಲೀಕ ಬದಲಾಗಿದ್ದರೆ ಹೆಸರೂ ಬದಲಾಗಬೇಕು. ಮರದ ಬೋಟಿನ ಹೆಸರು ಇನಾಮೆಲ್ ಬಣ್ಣದ್ದು. ಸ್ಕ್ರೇಪರ್ ಹಿಡಿದು ಒಂದು ಪದರ ಎಬ್ಬಿಸಿದರೆ ಅದರಡಿಯಲ್ಲಿ ಇನ್ನೊಂದು ಹೆಸರು, ಅದರಡಿಯಲ್ಲಿ ಮತ್ತೊಂದು. ದೇವರ ಹೆಸರಿನ ಕೆಳಗೆ ಮಗಳ ಹೆಸರು, ಮಗಳ ಹೆಸರಿನ ಕೆಳಗೆ ಬೇರೆ ಊರಿನ ದೇವರು. ಒಂದು ಹಲಗೆಯ ಮೇಲೆ ಮೂರು ಮನೆತನ ಕಂಡಿದ್ದೇನೆ ಎನ್ನುತ್ತಾರೆ.

ಫೈಬರ್ ಬೋಟಿನ ವಿಷಯ ಬೇರೆ. ಅದರ ಮೈ ಹೊಳೆಯುವುದು ಜೆಲ್‌ಕೋಟ್ ಎಂಬ ಮೇಲ್ಪದರದಿಂದ. ಆ ಪದರದ ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಬ್ಲೇಡ್ ಒಮ್ಮೆ ಜಾರಿದರೆ ಗೀರು ನಿಂತೇಬಿಟ್ಟಿತು. ಅಲ್ಲಿ ಮೊದಲ ಕೆಲಸ ಸಿಹಿನೀರಿನಲ್ಲಿ ತೊಳೆಯುವುದು. ಅಕ್ಷರದ ಅಂಚಿನಲ್ಲಿ ಕೂತ ಉಪ್ಪಿನ ಹರಳು ಹೋಗದೆ ಉಜ್ಜಿದರೆ ಆ ಹರಳೇ ಗೀರುತ್ತದೆ. ಆಮೇಲೆ ಹದವಾದ ಶಾಖ. ಅತಿಯಾದರೆ ಫೈಬರಿನ ರಾಳವೇ ಮೆತ್ತಗಾಗುತ್ತದೆ.

ಇದೇ ಪಾಠವನ್ನು ಅವರು ಕೆಂಗೇರಿಯ ಆಟೋಗಳಿಗೆ ತಂದಿದ್ದಾರೆ. ಕೈಯಲ್ಲಿ ಇರುವುದು ತಲೆಕೂದಲು ಒಣಗಿಸುವ ಸಾಮಾನ್ಯ ಡ್ರೈಯರ್. ಹೀಟ್ ಗನ್ ಅಂಗಡಿಯಲ್ಲಿದೆ, ಅವರು ಮುಟ್ಟುವುದಿಲ್ಲ. ಅದರ ಬಾಯಿಯ ಶಾಖ ನೂರಾರು ಡಿಗ್ರಿಗೆ ಏರುತ್ತದೆ, ಬಣ್ಣ ಗುಳ್ಳೆ ಏಳಲು ಕ್ಷಣ ಸಾಕು. ಬಿಸಿ ಮಾಡಿದ ಜಾಗವನ್ನು ಅಂಗೈ ಬೆನ್ನಿನಿಂದ ಮುಟ್ಟಿ ನೋಡುತ್ತಾರೆ. ಕೈ ಇಡಲಾಗದಷ್ಟು ಬಿಸಿಯಾದರೆ ತಣಿಯಲು ಬಿಡುತ್ತಾರೆ. ಒಂದು ಮೂಲೆಯನ್ನು ಉಗುರಿನಲ್ಲಿ ಎಬ್ಬಿಸಿ, ಹಾಳೆಯನ್ನು ಹಿಂದಕ್ಕೆ ಮಡಚಿ, ಗಾಡಿಯ ಮೈಗೆ ತಾಗಿದಂತೆಯೇ ಎಳೆಯುತ್ತಾರೆ. ನೇರ ಹೊರಕ್ಕೆ ಎಳೆದರೆ ಅದು ಬಣ್ಣವನ್ನೂ ಹೊತ್ತು ಬರುತ್ತದೆ. ಹೊಸ ಸ್ಟಿಕ್ಕರ್ ಹೀಗೆ ಇಡಿಯಾಗಿ ಬರುತ್ತದೆ. ವರ್ಷಗಟ್ಟಲೆ ಬಿಸಿಲುಂಡದ್ದರಲ್ಲಿ ವಿನೈಲ್ ಅನ್ನು ಮೆದುವಾಗಿಡುವ ದ್ರವ್ಯ ಆರಿಹೋಗಿರುತ್ತದೆ. ಹಪ್ಪಳದಂತೆ ಚೂರುಚೂರಾಗಿ ಏಳುತ್ತದೆ. ಆಗ ಒಂದು ‘ಶ್ರೀ’ ಅಕ್ಷರಕ್ಕೇ ಹೊತ್ತು ಹೋಗುತ್ತದೆ. ಉಳಿದ ಅಂಟಿಗೆ ಸೀಮೆಎಣ್ಣೆ ಅದ್ದಿದ ಬಟ್ಟೆ, ಕೊನೆಗೆ ಸೋಪಿನ ನೀರು. ಥಿನ್ನರ್ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ, ಕೆಳಗಿನ ಬಣ್ಣವೂ ಕರಗುತ್ತದೆ.

ಇಷ್ಟಾದರೂ ಹೆಸರು ಹೋಗಿರುವುದಿಲ್ಲ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿದೆ, ಅಕ್ಷರದಡಿ ಇದ್ದದ್ದು ಹೊಸದಾಗಿಯೇ ಉಳಿದಿದೆ. ‘ಮಂಜುನಾಥ ಪ್ರಸನ್ನ’ ಎಂಬುದನ್ನು ಕಿತ್ತ ಮೇಲೂ ಅದು ಕಡುಹಸಿರಿನಲ್ಲಿ ಓದಲು ಬರುತ್ತದೆ. ಇದಕ್ಕೆ ಅವರ ಮಾತಿನಲ್ಲಿ ‘ನೆರಳು’. ನೆರಳು ಅಳಿಸಲು ಅಕ್ಷರವನ್ನು ಉಜ್ಜಬಾರದು, ಅದರ ಸುತ್ತಲಿನ ಮಾಸಿದ ಬಣ್ಣವನ್ನು ಉಜ್ಜಬೇಕು. 2000 ನಂಬರಿನ ನೀರುಕಾಗದ, ರಬ್ಬಿಂಗ್ ಕಾಂಪೌಂಡ್, ಆಮೇಲೆ ಪಾಲಿಶ್. ಸುತ್ತಲಿನದು ಹೊಸದಾಗುತ್ತ ಬಂದಂತೆ ಅಕ್ಷರ ಅದರಲ್ಲಿ ಕರಗುತ್ತದೆ. ನನ್ನನ್ನು ಅಲ್ಲಿ ಕಟ್ಟಿ ನಿಲ್ಲಿಸಿದ್ದು ಈ ಕೆಲಸವೇ.

ದೇವರ ಹೆಸರು ಕೀಳುವ ಮುನ್ನ ಅವರು ಬೆರಳು ತಾಗಿಸಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಕಿತ್ತ ಚೂರುಗಳು ನೆಲಕ್ಕೆ ಬೀಳುವುದಿಲ್ಲ. ಅವಕ್ಕೊಂದು ಬೇರೆ ಡಬ್ಬಿ ಇದೆ. ಶಂಕರ್‌ನಾಗ್ ಚಿತ್ರವಿರುವ ಆಟೋ ಬಂದರೆ ಕೊಂಡವರನ್ನು ಮೊದಲು ವಿಚಾರಿಸುತ್ತಾರೆ. 1980ರ ‘ಆಟೋ ರಾಜ’ ಸಿನಿಮಾದ ಈ ನಾಯಕನಿಗೆ ಊರಿನ ಆಟೋಗಳ ಬೆನ್ನಲ್ಲಿ ಇಂದಿಗೂ ಜಾಗವಿದೆ. ಕೊಂಡವರು ಹಿಂದಿನವರ ಮಕ್ಕಳ ಹೆಸರು ತೆಗೆಸುತ್ತಾರೆ, ಶಂಕರಣ್ಣನನ್ನು ಬಿಡಿಸಿಕೊಳ್ಳುವವರು ಕಡಿಮೆ. 2021ರಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್, ಅಂದರೆ ಅಪ್ಪುವಿನ ಚಿತ್ರಕ್ಕೂ ಅದೇ ಮರ್ಯಾದೆ.

ಹೆಸರು ಅಳಿಸುವ ಕೆಲಸ ಈ ನಾಡಿಗೆ ಹೊಸದಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದಾಗ ಸರ್ಕಾರಿ ಬಸ್ಸುಗಳ ಮೈಮೇಲಿನ ಹೆಸರೂ ಬದಲಾಗಬೇಕಾಯಿತು. 1997ರಲ್ಲಿ ಬಿಎಂಟಿಸಿ ಹುಟ್ಟಿ ಬಿಟಿಎಸ್ ಎಂಬ ಮೂರಕ್ಷರ ಊರಿನ ಬಸ್ಸುಗಳಿಂದ ಮರೆಯಾಯಿತು. ಇದೇ ಕೆಂಗೇರಿಯಲ್ಲಿ ಕೆಎಸ್‌ಆರ್‌ಟಿಸಿಯ ಪ್ರಾದೇಶಿಕ ಕಾರ್ಯಾಗಾರವಿದೆ. ಹಳೆಯ ಬಸ್ಸುಗಳು ಅಲ್ಲಿ ಹೊಸ ಮೈ ಪಡೆದು ರಸ್ತೆಗಿಳಿಯುತ್ತವೆ. ಬರೆದವರನ್ನು ನೆನೆಯುವವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಅಳಿಸಿದವರ ಬಗ್ಗೆ ನಾನು ಎಲ್ಲಿಯೂ ಓದಿಲ್ಲ.

ಕೂಲಿಯ ಮಾತು ಬಂದಾಗ ಅವರು ಸುಮ್ಮನಾದರು. ಅಂಟಿಸುವಾಗ ಚೌಕಾಸಿ ಮಾಡದ ಗಿರಾಕಿ ಕೀಳುವಾಗ ಮಾಡುತ್ತಾನೆ. ಕೊನೆಯಲ್ಲಿ ಕೈಗೆ ಸಿಗುವುದು ಖಾಲಿ ಜಾಗ ತಾನೇ ಎಂಬುದು ಅವನ ವಾದ. ಪೂರಾ ಬಣ್ಣ ಹೊಡೆಸುವ ಖರ್ಚು ಉಳಿಯಿತೆಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಆ ಉಳಿತಾಯಕ್ಕೆ ತಕ್ಕ ಕೂಲಿ ಅವರಿಗೆ ಸಲ್ಲಬೇಕು, ಬೋರ್ಡಿನ ಮೇಲೆ ಒಂದು ಸಾಲೂ ಸಲ್ಲಬೇಕು.

ಅಂಗಡಿಯ ಹುಡುಗರು ಚುರುಕು. ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸಿ ಪ್ಲಾಟರಿನಲ್ಲಿ ಕತ್ತರಿಸುವುದನ್ನು ಬೇಗ ಕಲಿಯುತ್ತಾರೆ. ಡ್ರೈಯರ್ ಹಿಡಿದು ಒಂದು ಬಾಗಿಲಿನ ಮುಂದೆ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರಲು ಯಾರೂ ಒಪ್ಪಿಲ್ಲ. ಬೇಸಿಗೆ ರಜೆಯಲ್ಲಿ ಕೈಬದಲಾದ ಶಾಲಾ ವ್ಯಾನುಗಳು ಸಾಲುಗಟ್ಟಿ ಬರುತ್ತವೆ, ಹಳೇ ಶಾಲೆಯ ಹೆಸರು ಹೊತ್ತು. ಅಷ್ಟರೊಳಗೆ ಒಬ್ಬ ಹುಡುಗನನ್ನು ಜೊತೆಗೆ ಕೊಡಿ ಎಂದು ಅವರು ಮಾಲೀಕರನ್ನು ಕೇಳಿಕೊಂಡಿದ್ದಾರೆ. ಮಾಲೀಕರು ನೋಡೋಣ ಎಂದಿದ್ದಾರೆ.