ಬಿಲ್ಲು ಅತ್ತ, ಬಾಣ ಇತ್ತ

ಖಡಕ್‌ವಾಸ್ಲಾ ಕಡೆ ಹೋದಾಗ ಎನ್‌ಡಿಎ ನೋಡಿರುತ್ತೀರಿ. ಅಲ್ಲಿ ಕಲಿತು ನೌಕಾಪಡೆ ಸೇರಿದ ಹುಡುಗರಿಗೆ ಹಿಂದೆ ಕಡಲ ಪಾಠ ಹೇಳಿದ ಹಡಗುಗಳಲ್ಲಿ ಒಂದು ‘ತೀರ್’. ಇದರ ತವರು ಇಂಗ್ಲೆಂಡಿನ ಬ್ರಿಸ್ಟಲ್. 1943ರಲ್ಲಿ ಯುದ್ಧಕ್ಕಿಳಿದಾಗ ಇದ್ದ ಹೆಸರು ‘ಬ್ಯಾನ್’, ಅದು ಐರ್ಲೆಂಡಿನ ಒಂದು ನದಿ. ಸರಕು ಹಡಗುಗಳನ್ನು ಜಲಾಂತರ್ಗಾಮಿಗಳಿಂದ ಕಾಯಲೆಂದೇ ಕಟ್ಟಿದ ಫ್ರಿಗೇಟು ಇದು. 1945ರಲ್ಲಿ ರಾಯಲ್ ಇಂಡಿಯನ್ ನೇವಿಗೆ ಬಂದು ‘ತೀರ್’, ಅಂದರೆ ಬಾಣ, ಆಯಿತು.

1947ರಲ್ಲಿ ದೇಶದ ಜೊತೆ ಹಡಗುಗಳೂ ಪಾಲಾದವು. ಇದೇ ಜಾತಿಯ ಶಂಶೇರ್, ಧನುಷ್ ಪಾಕಿಸ್ತಾನಕ್ಕೆ. ತೀರ್, ಕುಕ್ರಿ ನಮಗೆ. ಒಟ್ಟಿಗೆ ದುಡಿದ ನಾವಿಕರೂ ಹೀಗೆಯೇ ಬೇರೆಯಾದರು. ಮರುವರ್ಷ ತೀರ್ ತರಬೇತಿ ಹಡಗಾಯಿತು. ಮುಂದೆ ಅದೇ ಹೆಸರಿನ, ಅದೇ ಕೆಲಸದ ಹೊಸ ಹಡಗನ್ನು ಮುಂಬಯಿಯಲ್ಲೇ ಕಟ್ಟಿ 1986ರಲ್ಲಿ ನೌಕಾಪಡೆಗೆ ಸೇರಿಸಿದರು. ಹಡಗು ಹೋದರೂ ಹೆಸರು ಉಳಿಯಿತು, ಅಲ್ಲವೇ?