ಬೇಸಗೆ, ವಿದ್ಯುತ್ ಕಾರು ಮತ್ತು ನಮ್ಮ ಎರೆ ಮಣ್ಣು

ವಿದ್ಯುಚ್ಛಕ್ತಿಯಿಂದ ಓಡುವ ಕಾರು ಕನ್ನಡನಾಡಿಗೆ ತೀರ ಹೊಸದೇನಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ ತಯಾರಾದ ‘ರೇವಾ’ ಎಂಬ ಪುಟ್ಟ ಕಾರು ಮಾರಾಟಕ್ಕೆ ಬಂದಿತ್ತು. 2017ರಲ್ಲಿ ಕರ್ನಾಟಕ ಸರಕಾರವು ಇಂಥ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿ, ಭಾರತದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯವೆನಿಸಿತು. ಆದರೆ ನಗರದಲ್ಲಿ ಹುಟ್ಟಿದ ವಸ್ತು ಹಳ್ಳಿಗೆ ಬಂದಾಗ ಹಳ್ಳಿಯ ಬಿಸಿಲು, ಹಳ್ಳಿಯ ತಂತಿ, ಹಳ್ಳಿಯ ಮಣ್ಣು ಇವುಗಳೊಡನೆ ಬಾಳ್ವೆ ಮಾಡಬೇಕಾಗುತ್ತದೆ. ಕುಂದಗೋಳ ತಾಲೂಕಿನ ಸಂಶಿಯಲ್ಲಿರುವ ನಮ್ಮ ಮನೆಗೆ ಅಂಥದೊಂದು ಕಾರು ಬಂದ ಮೇಲೆ ಈ ಮಾತು ನನ್ನ ಅನುಭವಕ್ಕೆ ಬಂದಿತು. ನಾನಾದರೋ ಕಲಾ ವಿಭಾಗದ ವಿದ್ಯಾರ್ಥಿ. ಕೇಳಿ, ಓದಿ, ನೋಡಿ ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ನಮ್ಮ ಕಾಕಾ ದಿನವೂ ಹುಬ್ಬಳ್ಳಿಗೆ ಹೋಗಿ ಬರುತ್ತಾರೆ. ಮಳೆಗಾಲದಲ್ಲಿಯೂ ಚಳಿಗಾಲದಲ್ಲಿಯೂ ರಾತ್ರಿ ಪ್ಲಗ್ ಚುಚ್ಚಿ ಮಲಗಿದರೆ ಬೆಳಗಿಗೆ ಕಾರು ಸಿದ್ಧವಾಗಿರುತ್ತಿತ್ತು. ಯುಗಾದಿ ಕಳೆದು ಬಿಸಿಲು ಏರಿದೊಡನೆ ತೊಂದರೆ ಮೊದಲಾಯಿತು. ಒಂದು ದಿನ ಅರ್ಧ ತಾಸಿಗೆ, ಇನ್ನೊಂದು ದಿನ ಒಂದು ತಾಸಿಗೆ ಚಾರ್ಜು ತಾನಾಗಿ ನಿಂತುಬಿಡುವುದು. ಬೆಳಿಗ್ಗೆ ಎದ್ದು ನೋಡಿದರೆ ಕೆಂಪು ದೀಪ! “ಗಾಡೀನ ಕೆಟ್ಟೈತಿ” ಎಂದು ಕಾಕಾ ನಿರ್ಧರಿಸಿಬಿಟ್ಟರು. ಆದರೆ ಕೆಟ್ಟದ್ದು ಕಾರಲ್ಲ. ಅದು ಏಕೆ ನಿಲ್ಲುತ್ತದೆಂಬುದನ್ನು ತಿಳಿಯಬೇಕಾದರೆ, ಮೊದಲು ಅದು ಹೇಗೆ ಚಾರ್ಜಾಗುತ್ತದೆಂಬುದನ್ನು ನೋಡಬೇಕು.

ಕಾರಿನೊಡನೆ ಕೊಡುವ ಕೇಬಲ್ಲಿನ ನಡುವೆ ಒಂದು ಸಣ್ಣ ಪೆಟ್ಟಿಗೆಯಿರುತ್ತದೆ. ಇದು ಮನೆಯ ವಿದ್ಯುತ್ತನ್ನು ಸುಮ್ಮನೆ ಕಾರಿಗೆ ಹರಿಯಬಿಡುವುದಿಲ್ಲ. ಸೆಕೆಂಡಿಗೆ 1000 ಬಾರಿ ಮಿಡಿಯುವ ಒಂದು ಸಂಕೇತದ ಮೂಲಕ, “ಇಷ್ಟು ಪ್ರವಾಹವನ್ನು ಎಳೆದುಕೊಳ್ಳಬಹುದು” ಎಂದು ಅದು ಕಾರಿಗೆ ತಿಳಿಸುತ್ತದೆ. ಅದಕ್ಕೂ ಮೊದಲು ಭೂಸಂಪರ್ಕ, ಅಂದರೆ ನಾವು ಅರ್ಥಿಂಗ್ ಎನ್ನುವುದು, ಸರಿಯಾಗಿದೆಯೇ, ವೋಲ್ಟೇಜು ಸಾಕಷ್ಟಿದೆಯೇ ಎಂದು ಪರೀಕ್ಷಿಸುತ್ತದೆ. ಕೆಲವು ಕೇಬಲ್ಲುಗಳಲ್ಲಿ ಪ್ಲಗ್ಗಿನ ಬಿಸಿಯನ್ನು ಅಳೆಯುವ ಏರ್ಪಾಡೂ ಉಂಟು. ಯಾವುದೊಂದು ತಪ್ಪಿದರೂ ಪ್ರವಾಹವನ್ನು ಕಡಿದುಹಾಕುತ್ತದೆ. ಅಂದಮೇಲೆ ನಿಲ್ಲುವುದು ಅದರ ರೋಗವಲ್ಲ, ಅದರ ಕರ್ತವ್ಯ. ಯಾವ ಕಾರಣಕ್ಕಾಗಿ ನಿಂತಿತೆಂಬುದನ್ನು ಅದು ನಿಂತ ವೇಳೆಯಿಂದಲೇ ಬಹುಮಟ್ಟಿಗೆ ಊಹಿಸಬಹುದು.

ಮೊದಲನೆಯದು, ಚಾರ್ಜು ಚೆನ್ನಾಗಿ ಆರಂಭವಾಗಿ ಅರ್ಧ ತಾಸೋ ಒಂದು ತಾಸೋ ಕಳೆದ ಮೇಲೆ ನಿಲ್ಲುವುದು. ಇದು ಹೆಚ್ಚಾಗಿ ಬಿಸಿಯ ದೋಷ. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆಂಬುದನ್ನು ಜೇಮ್ಸ್ ಜೌಲನು 1841ರಲ್ಲಿಯೇ ತೋರಿಸಿಕೊಟ್ಟನು. ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿ ಸಡಿಲಾಗಿ, ಅಲ್ಲಿ ಓಮಿನ ಹತ್ತನೆಯ ಒಂದು ಪಾಲಿನಷ್ಟು ರೋಧ ಉಂಟಾಯಿತೆನ್ನೋಣ. 15 ಆಂಪಿಯರ್ ಹರಿದರೆ ಆ ಸಣ್ಣ ಜಾಗದಲ್ಲಿ 22 ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಬೆಸುಗೆ ಹಾಕುವ ಸಣ್ಣ ಕಾವಿನ ಕಡ್ಡಿಯದೂ 25 ವ್ಯಾಟೇ! ಅದೇ ಪ್ರವಾಹವನ್ನು 10 ಆಂಪಿಯರಿಗೆ ಇಳಿಸಿದರೆ ಶಾಖ 10 ವ್ಯಾಟಿಗೆ ಇಳಿಯುತ್ತದೆ. ಪ್ರವಾಹ ಮೂರನೆಯ ಒಂದು ಪಾಲು ಕಡಿಮೆಯಾದರೆ ಬಿಸಿ ಅರ್ಧಕ್ಕಿಂತಲೂ ಹೆಚ್ಚು ಕಡಿಮೆಯಾಗುತ್ತದೆಂಬುದನ್ನು ಗಮನಿಸಬೇಕು.

“ಗೀಜರಿಗೂ ಇದೇ ಸಾಕೆಟ್ ಐತಲ್ಲ, ಅದಕ್ಕೇನೂ ಆಗಿಲ್ಲ” ಎಂದು ಕಾಕಾ ಕೇಳಿದರು. ಗೀಜರು ಕಾಲು ತಾಸಿನಲ್ಲಿ ಆರುತ್ತದೆ. ಕಾರಾದರೋ ಒಂದೇ ಸಮನೆ ರಾತ್ರಿಯಿಡೀ ಎಳೆಯುತ್ತದೆ. ನಮ್ಮ ಕಡೆ ಏಪ್ರಿಲಿನಲ್ಲಿ ಹಗಲಿನ ಉಷ್ಣತೆ 37–38 ಡಿಗ್ರಿಯವರೆಗೆ ಹೋಗುತ್ತದೆ. ತಗಡಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ಚಳಿಗಾಲದಲ್ಲಿ ಹೇಗೋ ತಡೆದುಕೊಂಡ ಸಾಕೆಟ್ಟು ಬೇಸಗೆಯಲ್ಲಿ ಮಿತಿ ಮೀರುತ್ತದೆ. ಎಂ.ಸಿ.ಬಿ.ಯ ಗತಿಯೂ ಅದೇ. ಅದರೊಳಗೆ ಬಿಸಿಗೆ ಬಾಗುವ ಎರಡು ಲೋಹಗಳ ಪಟ್ಟಿಯಿರುತ್ತದೆ. ಅದನ್ನು 30 ಡಿಗ್ರಿ ಉಷ್ಣತೆಗೆ ಹೊಂದಿಸಿರುತ್ತಾರೆ. ಕಾದ ಗೋಡೆಯ ಮೇಲಿನ ಮುಚ್ಚಿದ ಡಬ್ಬಿಯಲ್ಲಿ ಅದು ಬೇಗನೆ ಬಾಗಿ ಬೀಳುತ್ತದೆ. ಹಾಗೆಂದು ತಂತಿಯನ್ನು ಹಾಗೆಯೇ ಬಿಟ್ಟು ದೊಡ್ಡ ಎಂ.ಸಿ.ಬಿ. ಹಾಕಬಾರದು, ಆಗ ಬೀಳುವ ಬದಲು ತಂತಿ ಸುಡುತ್ತದೆ. ನಮ್ಮಲ್ಲಿ ಸಾಕೆಟ್ಟನ್ನು ಬಿಚ್ಚಿ ನೋಡಿದಾಗ ಒಂದು ಬದಿ ಕಂದು ಬಣ್ಣಕ್ಕೆ ತಿರುಗಿತ್ತು. ಹೊಸ ಕೈಗಾರಿಕಾ ಸಾಕೆಟ್ಟು ಹಾಕಿಸಿ, ಮೀಟರ್ ಬೋರ್ಡಿನಿಂದ 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಕಾರಿಗಾಗಿಯೇ ಎಳೆಸಿದೆವು.

ಎರಡನೆಯದು, ಸಂಜೆ ಏಳರಿಂದ ಹತ್ತರವರೆಗೆ ನಿಲ್ಲುತ್ತ, ನಡುರಾತ್ರಿಯಲ್ಲಿ ಸರಿಯಾಗಿ ನಡೆಯುವುದು. ಇದು ವೋಲ್ಟೇಜಿನ ಕೊರತೆ. ಬೇಸಗೆಯ ಸಂಜೆ ಊರಿನ ಫ್ಯಾನು, ಕೂಲರುಗಳೆಲ್ಲ ಒಮ್ಮೆಗೇ ತಿರುಗುವುದರಿಂದ 230 ಇರಬೇಕಾದ ವೋಲ್ಟೇಜು ಇಳಿಯುತ್ತದೆ. ಮನೆಯೊಳಗಿನ ಸಣ್ಣ ತಂತಿ ಅದನ್ನು ಇನ್ನಷ್ಟು ನುಂಗುತ್ತದೆ. 1.5 ಚದರ ಮಿಲಿಮೀಟರಿನ ತಂತಿ 30 ಮೀಟರು ದೂರ ಹೋದರೆ, 15 ಆಂಪಿಯರಿಗೆ ಸುಮಾರು 11 ವೋಲ್ಟು ದಾರಿಯಲ್ಲಿಯೇ ಕಳೆದುಹೋಗುತ್ತದೆ. ಸುತ್ತಿಟ್ಟ ಎಕ್ಸ್‌ಟೆನ್ಶನ್ ಬಾಕ್ಸನ್ನು ಬಳಸುವುದಂತೂ ಅಪಾಯವೇ ಸರಿ. ಊರು ಮಲಗಿದ ಮೇಲೆ, ಹನ್ನೊಂದರ ನಂತರ ಚಾರ್ಜಿಗೆ ಹಚ್ಚುವುದೇ ಇದಕ್ಕೆ ಸುಲಭ ಉಪಾಯ.

ಮೂರನೆಯದು, ಉರಿಬಿಸಿಲಿನಲ್ಲಿ ಓಡಿ ಬಂದೊಡನೆ ಚಾರ್ಜಿಗೆ ಹಚ್ಚಿದಾಗ ಮಾತ್ರ ನಿಲ್ಲುವುದು ಅಥವಾ ತೀರ ನಿಧಾನವಾಗುವುದು. ಲಿಥಿಯಂ ಬ್ಯಾಟರಿಗೆ ಅತಿಯಾದ ಬಿಸಿ ಒಗ್ಗದು. ಬಿಸಿಯಿದ್ದಾಗ ತುಂಬಿದರೆ ಅದರ ಆಯುಷ್ಯ ಕುಂದುತ್ತದೆ. ಆದ್ದರಿಂದ ಕಾರು ತಾನಾಗಿಯೇ ಪ್ರವಾಹವನ್ನು ತಗ್ಗಿಸುತ್ತದೆ. ಹೊಲದಿಂದ ಬಂದ ಎತ್ತನ್ನು ಸ್ವಲ್ಪ ಹೊತ್ತು ನೆರಳಿನಲ್ಲಿ ಕಟ್ಟಿ ಆಮೇಲೆ ಮೇವು ಹಾಕುವಂತೆ, ಕಾರಿಗೂ ಒಂದೆರಡು ತಾಸಿನ ವಿಶ್ರಾಂತಿ ಕೊಟ್ಟರೆ ಸಾಕು.

ಇನ್ನು ನಾಲ್ಕನೆಯದು. ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ಸಾಕೆಟ್ಟು, ತಂತಿ ಹೊಸದಾದ ಮೇಲೆ ಹದಿನೈದು ದಿನ ಎಲ್ಲವೂ ಸರಿಯಾಗಿತ್ತು. ಏಪ್ರಿಲಿನ ಕೊನೆಗೆ ಮತ್ತೆ ಕೆಂಪು ದೀಪ ಬಂದಿತು. ಈ ಸಾರೆ ಪ್ಲಗ್ ಚುಚ್ಚಿದ ಕ್ಷಣದಲ್ಲಿಯೇ ಬಂದಿತು. ಚಾರ್ಜು ಆರಂಭವಾಗಲೇ ಇಲ್ಲ. ವೈರಿಂಗ್ ಕೆಲಸ ಬಲ್ಲವರೊಬ್ಬರು ಬಂದು ನೋಡಿ, “ಅಣ್ಣಾರ, ಇದು ಅರ್ಥಿಂಗ್ ಕೇಳಾಕತ್ತೈತಿ. ಸಾಕೆಟ್ಟಿನಾಗ ಅರ್ಥಿಂಗ್ ಪಿನ್ನಿಗೆ ನ್ಯೂಟ್ರಲ್ ವಾಯರ್ ಕೂಡಿಸಿಬಿಡ್ತೀನಿ, ಸುಮ್ಮನ ಚಾರ್ಜ್ ಆಗತೈತಿ” ಎಂದರು. ಐದು ನಿಮಿಷದ ಕೆಲಸ. ಕಾಕಾ ಒಪ್ಪಿಕೊಂಡೇಬಿಟ್ಟಿದ್ದರು.

ಅದು ನಿಜವಾಗಿಯೂ ಚಾರ್ಜಾಗುತ್ತಿತ್ತು. ಆದರೆ ಆಮೇಲೆ ಎಂದಾದರೊಂದು ದಿನ ಗಾಳಿಗೋ ಸಡಿಲಿಗೋ ಹೊರಗಿನ ನ್ಯೂಟ್ರಲ್ ತಂತಿ ಹರಿದರೆ, ಮನೆಯ ದೀಪ ಫ್ಯಾನುಗಳ ಮೂಲಕ ಹಾಯ್ದ ವಿದ್ಯುತ್ತು ಆ ಜೋಡಣೆಯ ದಾರಿ ಹಿಡಿದು ಕಾರಿನ ಮೈಗೆ ಬರುತ್ತದೆ. ಕಾರು ರಬ್ಬರಿನ ಚಕ್ರಗಳ ಮೇಲೆ ನಿಂತಿರುವುದರಿಂದ ಅದು ಭೂಮಿಗೆ ಇಳಿಯದೆ ಮುಟ್ಟುವವರನ್ನೇ ಕಾಯುತ್ತಿರುತ್ತದೆ. ಕಾಕಾನ ಐದು ವರ್ಷದ ಮಗಳು ದಿನ ಬೆಳಗಾದರೆ ಬರಿಗಾಲಿನಲ್ಲಿ ಕಾರಿಗೆ ನೀರು ಎರಚಿ ತೊಳೆಯುವವಳು. ನಾನು ಆ ಮಾತನ್ನಷ್ಟೇ ಹೇಳಿದೆ: “ಕಾಕಾ, ಒಂದ್ ದಿನ ತಡೀರಿ. ಕೂಸು ಹಸಿ ಕೈಲೆ ಗಾಡಿ ಮುಟ್ಟತೈತಿ.” ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬ್ಯಾಡ ಬಿಡ್ರಿ” ಎಂದರು.

ಮರುದಿನ ಬೇರೊಬ್ಬ ಎಲೆಕ್ಟ್ರಿಶಿಯನ್ನರನ್ನು ಕರೆಸಿದೆವು. ಅವರ ಮೀಟರು ನ್ಯೂಟ್ರಲ್ಲಿಗೂ ಅರ್ಥಿಂಗಿಗೂ ನಡುವೆ 30ಕ್ಕೂ ಮೀರಿ ವೋಲ್ಟು ತೋರಿಸಿತು. ಅವರು ಸಾಕೆಟ್ಟನ್ನು ಬಿಟ್ಟು ನೇರವಾಗಿ ಅಂಗಳದ ಮೂಲೆಯಲ್ಲಿದ್ದ ಅರ್ಥಿಂಗಿನ ಗುಂಡಿಯ ಬಳಿಗೆ ಹೋದರು. ಅಲ್ಲಿ ನೋಡಿದರೆ, ನೆಲ ಬಾಯಿಬಿಟ್ಟಿತ್ತು! ಕಬ್ಬಿಣದ ಕೊಳವೆಯ ಸುತ್ತ ಬೆರಳು ತೂರುವಷ್ಟು ಬಿರುಕು. ಕೊಳವೆ ಭೂಮಿಯಲ್ಲಿ ಇದ್ದೂ ಭೂಮಿಯನ್ನು ಮುಟ್ಟದೆ ನಿಂತಂತಿತ್ತು.

ನಮ್ಮದು ಎರೆ ನಾಡು. ಕುಂದಗೋಳ, ನವಲಗುಂದ, ಅಣ್ಣಿಗೇರಿಗಳ ಹತ್ತಿ, ಕಡಲೆ, ಮೆಣಸಿನಕಾಯಿಗಳಿಗೆ ಈ ಮಣ್ಣೇ ತಾಯಿ. ಇದರಲ್ಲಿರುವ ಒಂದು ಬಗೆಯ ಜೇಡಿಯು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಶ್ರಾವಣದಲ್ಲಿ ತೊಯ್ದು ಕೊಳವೆಯನ್ನು ಬಿಗಿಯಾಗಿ ತಬ್ಬಿದಾಗ ಇದರಷ್ಟು ಚೆನ್ನಾಗಿ ವಿದ್ಯುತ್ತನ್ನು ಒಯ್ಯುವ ಮಣ್ಣು ವಿರಳ. ಮರಳು ಕಲ್ಲುಗಳ ಮಣ್ಣು ಇದರ ಸಮೀಪಕ್ಕೂ ಬಾರದು. ಅದೇ ಮಣ್ಣು ಚೈತ್ರ ವೈಶಾಖಗಳಲ್ಲಿ ಕೈಬಿಡುತ್ತದೆ. ಮಳೆಗಾಲದಲ್ಲಿ ಇಲ್ಲದ ದೋಷ ಬೇಸಗೆಯಲ್ಲಿ ಏಕೆ ಬಂದಿತೆಂಬುದಕ್ಕೆ ಉತ್ತರ ಇಲ್ಲಿತ್ತು. ಫ್ಯಾನಿಗಾಗಲಿ ದೀಪಕ್ಕಾಗಲಿ ಅರ್ಥಿಂಗ್ ಇಲ್ಲದಿದ್ದರೂ ಅವು ನಡೆಯುತ್ತವೆ. ಆದ್ದರಿಂದ ಅಷ್ಟು ವರ್ಷವೂ ನಮಗೆ ಗೊತ್ತೇ ಆಗಿರಲಿಲ್ಲ. ಕಾರು ಮಾತ್ರ ಕೇಳಿತು. ಅಂದರೆ ಅದು ತನ್ನ ದೋಷವನ್ನಲ್ಲ, ನಮ್ಮ ಮನೆಯ ದೋಷವನ್ನು ತೋರಿಸಿಕೊಟ್ಟಿತು.

ಚಿಕಿತ್ಸೆ ಸರಳವಾಗಿತ್ತು. ಗುಂಡಿಯನ್ನು ಅಗೆದು, ತುಕ್ಕು ಹಿಡಿದ ಕ್ಲ್ಯಾಂಪನ್ನು ಬದಲಿಸಿ, ಇದ್ದಿಲು ಮತ್ತು ಉಪ್ಪನ್ನು ಪದರು ಪದರಾಗಿ ತುಂಬಿ, ಬಿರುಕುಗಳನ್ನು ಮುಚ್ಚಿ, ನಾಲ್ಕಾರು ಕೊಡ ನೀರು ಹಾಕಲಾಯಿತು. ಸಂಜೆಗೆ ಮೀಟರಿನ ಮುಳ್ಳು 3–4 ವೋಲ್ಟಿಗೆ ಇಳಿದಿತ್ತು. ಜೊತೆಗೆ, ಮುಟ್ಟಿದವರಿಗೆ ಅಪಾಯವಾಗುವ ಮೊದಲೇ ಪ್ರವಾಹವನ್ನು ಕಡಿಯುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ.ಯನ್ನೂ ಹಾಕಿಸಿದೆವು.

ಕೊನೆಗೊಂದು ಲೆಕ್ಕ. ಸಂಶಿಯಿಂದ ಹುಬ್ಬಳ್ಳಿಗೆ ಹೋಗಿ ಬರಲು 60 ಕಿಲೋಮೀಟರಿನ ಆಸುಪಾಸು. ಯೂನಿಟ್ಟಿಗೆ ಆರೇಳು ಕಿಲೋಮೀಟರಿನಂತೆ ಒಂಬತ್ತೋ ಹತ್ತೋ ಯೂನಿಟ್ಟು ಬೇಕು. 10 ಆಂಪಿಯರಿನಲ್ಲಿ ತಾಸಿಗೆ ಎರಡು ಯೂನಿಟ್ಟಿಗೂ ಮಿಕ್ಕಿ ತುಂಬುತ್ತದೆ. ರಾತ್ರಿ ಹನ್ನೊಂದಕ್ಕೆ ಹಚ್ಚಿದರೆ ಬೆಳಗಿನ ನಾಲ್ಕಕ್ಕೆ ಕೆಲಸ ಮುಗಿಯುತ್ತದೆ. ಇಷ್ಟಕ್ಕಾಗಿ ಬೇಸಗೆಯಲ್ಲಿ 15 ಆಂಪಿಯರನ್ನು ಎಳೆದು ಸಾಕೆಟ್ಟನ್ನು ಕಾಯಿಸುವ ಅವಶ್ಯಕತೆಯೇ ಇಲ್ಲ.

ಮಿತ್ರರೇ, ಮುಂದೆ ನಮ್ಮಲ್ಲಿ ಹಲವರ ಮನೆಗೆ ಇಂಥ ಕಾರು, ಸ್ಕೂಟರುಗಳು ಬರಬಹುದು. ಅದು ಮುಷ್ಕರ ಹೂಡಿದಾಗ ಬಾಯಿ ಮುಚ್ಚಿಸುವ ಉಪಾಯ ಹೇಳುವವರು ಪ್ರತಿ ಊರಿನಲ್ಲಿಯೂ ಸಿಗುತ್ತಾರೆ. ಮೊದಲು ಅದು ಯಾವ ವೇಳೆಗೆ ನಿಂತಿತೆಂಬುದನ್ನು ನೋಡಿರಿ. ಕೂಡಲೇ ನಿಂತಿದ್ದರೆ ಅಂಗಳದ ಗುಂಡಿಯನ್ನು ನೋಡಿರಿ. ನಮ್ಮ ಮನೆಯಲ್ಲಿ ಯುಗಾದಿಯಿಂದ ಮೊದಲ ದೊಡ್ಡ ಮಳೆಯವರೆಗೆ ವಾರಕ್ಕೆ ಎರಡು ಕೊಡ ನೀರು ಆ ಗುಂಡಿಗೆ ಬೀಳುತ್ತದೆ. ಹಾಕುವವಳು ಕಾಕಾನ ಆ ಮಗಳೇ.